ಸಂಜೆಯ ಮೂರು ಗುಳಿಗೆ

ರುಮಿಯಾತಿಯ ವಯಸ್ಸು ಕೇಳಿದರೆ ಐವತ್ತೆರಡೋ ಐವತ್ಮೂರೋ ಎಂದು ತಡವರಿಸುತ್ತಿದ್ದಳು. ತಮ್ಮನ ಗುಳಿಗೆ ಎಷ್ಟು ದಿನದಿಂದ ತಪ್ಪಿಲ್ಲ ಎಂದು ಕೇಳಿದರೆ ಮಾತ್ರ ಥಟ್ಟನೆ ಹೇಳುತ್ತಿದ್ದಳು. ಆರು ವರ್ಷ, ಎರಡು ತಿಂಗಳು, ಹನ್ನೊಂದು ದಿನ. ಕೇಳಿದವರು ಸುಮ್ಮನಾದರೂ ಅವಳು ಸುಮ್ಮನಾಗುತ್ತಿರಲಿಲ್ಲ. ಇಂಥ ದಿನ ಭೂಕಂಪ ಆಯಿತಲ್ಲ, ಆವತ್ತೂ ತಪ್ಪಿಸಿಲ್ಲ. ನಮ್ಮವ್ವ ತೀರಿಕೊಂಡಳಲ್ಲ, ಮಣ್ಣು ಮಾಡಿ ಬಂದು ಕಾಲು ತೊಳೆದು ಮೊದಲು ಗುಳಿಗೆ ಕೊಟ್ಟೆ ಎಂದು ಶುರುವಾಗುತ್ತಿದ್ದಳು. ಹೆಮ್ಮೆ ಪಡುವುದಕ್ಕೆ ಅವಳ ಬದುಕಿನಲ್ಲಿ ಬೇರೆ ಹೆಚ್ಚೇನೂ ಇರಲಿಲ್ಲ, ಹಾಗಾಗಿ ನಾವು ಯಾರೂ ಅವಳ ಬಾಯಿ ಮುಚ್ಚಿಸುತ್ತಿರಲಿಲ್ಲ.

ವೊನೊಸೋಬೊ ಪೇಟೆಯಿಂದ ಒಂದು ಗಂಟೆ ಮೇಲಕ್ಕೆ ಹತ್ತಿದರೆ ಸಿಗುವ ನಮ್ಮ ಬೆಟ್ಟದ ಕೇರಿಯಲ್ಲಿ ಅವಳದು ತೆಂಪೆ ಮಾಡುವ ಕೆಲಸ. ಸೋಯಾ ಕಾಳು ಬೇಯಿಸಿ, ಸಿಪ್ಪೆ ಬಿಡಿಸಿ, ಹುದುಗು ಬೆರೆಸಿ, ಬಾಳೆ ಎಲೆಯಲ್ಲಿ ಕಟ್ಟಿ ಬೆಚ್ಚಗೆ ಇಟ್ಟರೆ ಎರಡು ದಿನಕ್ಕೆ ಬೆಳ್ಳಗೆ ಗಟ್ಟಿಯಾಗುತ್ತದೆ. ಬೆಂದ ಕಾಳನ್ನು ಬುಟ್ಟಿಯಲ್ಲಿ ಹಾಕಿ ಕಾಲಿನಿಂದ ತುಳಿದು ಸಿಪ್ಪೆ ಬಿಡಿಸುವುದು ತಮ್ಮ ಜುಮಾದಿಯ ಪಾಲು. ಬಾಯಲ್ಲಿ ಲವಂಗದ ಸಿಗರೇಟು, ಕೈಗೆ ಆಸರೆಯಾಗಿ ಜಗಲಿಯ ಕಂಬ, ಬುಟ್ಟಿಯೊಳಗೆ ಒಂದೇ ಲಯದಲ್ಲಿ ಕಾಲು. ಅವನ ಕಾಲಿನ ತೆಂಪೆ ಬಾಯಲ್ಲಿ ಕರಗುತ್ತದೆ ಎಂದು ಪೇಟೆಯಲ್ಲಿ ಕರಿದ ತಿಂಡಿ ಮಾರುವ ಹೆಂಗಸರೇ ಹೇಳುತ್ತಿದ್ದರು.

ಅದೇ ಕಾಲಿಗೆ ಒಂದು ಕಾಲದಲ್ಲಿ ಸರಪಳಿ ಇತ್ತು. ಸೆಮಾರಾಂಗಿನ ಪ್ಲೈವುಡ್ ಕಾರ್ಖಾನೆಯ ಕೆಲಸಕ್ಕೆ ಹೋದ ಇಪ್ಪತ್ತಮೂರರ ಹುಡುಗ, ಎರಡು ವರ್ಷದ ಮೇಲೆ ಮಾಡಿನಲ್ಲಿ ಕೂತು ಮಾತಾಡುವ ಜನರನ್ನು ತಲೆಯೊಳಗೆ ಹೊತ್ತುಕೊಂಡು ವಾಪಸು ಬಂದ. ಆ ಜನ ಹೇಳಿದರೆಂದು ಎದುರುಮನೆಯ ಬು ಕಸ್ಮಿರಾಳ, ಅಂದರೆ ಕಸ್ಮಿರಮ್ಮನ, ಅಡುಗೆಮನೆಗೆ ಬೆಂಕಿ ಇಟ್ಟ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಕೇರಿಯವರೆಲ್ಲ ಸೇರಿ ಅವನನ್ನು ಆಡಿನ ಕೊಟ್ಟಿಗೆಯ ಹಿಂದಿನ ಕೋಣೆಯಲ್ಲಿ ಕಟ್ಟಿ ಹಾಕಿದರು. ನಾಲ್ಕು ವರ್ಷ. ನಾವು ಕೆಟ್ಟವರಲ್ಲ, ಹೆದರಿದ್ದೆವು. ಹೆದರಿದವರು ಏನು ಮಾಡಬಲ್ಲರು ಎಂಬುದು ನಮ್ಮ ಕೇರಿಗೆ ಗೊತ್ತು, ಅದನ್ನು ಈಗ ಯಾರೂ ಮಾತಾಡುವುದಿಲ್ಲ.

ಆಮೇಲೆ ಆರೋಗ್ಯ ಕೇಂದ್ರಕ್ಕೆ ಬು ವಿನಾರ್ನಿ ಎಂಬ ನರ್ಸು ಬಂದಳು. ಮನೆಮನೆ ಹೊಕ್ಕು ನೋಡುವ ಚಾಳಿಯವಳು. ಕೊಟ್ಟಿಗೆಯ ಹಿಂದೆಯೂ ಹೊಕ್ಕಳು. ಪೇಟೆಯ ಡಾಕ್ಟರಿಂದ ಕ್ಲೋಜಪೀನ್ ಎಂಬ ಹಳದಿ ಗುಳಿಗೆ ಬಂತು, ಮಾಡಿನ ಜನ ಒಬ್ಬೊಬ್ಬರಾಗಿ ಇಳಿದು ಹೋದರು. ಸರಪಳಿ ಬಿಚ್ಚುವ ದಿನ ಕೇರಿಯ ಮುಖ್ಯಸ್ಥ, ನಾವೆಲ್ಲ ಗೌರವಕ್ಕೆ ಪಾಕ್ ಎಂದು ಕರೆಯುವ ಡರ್ಸೊನೊ, ಒಂದು ಕರಾರು ಬರೆಸಿದ. ಪ್ರತಿ ಸಂಜೆ ಮೂರು ಗುಳಿಗೆ, ಜಗಲಿಯ ಮೇಲೆ, ಸಾಕ್ಷಿಯ ಎದುರು. ಒಂದು ದಿನ ತಪ್ಪಿದರೂ ಕೇರಿ ತನಗೆ ಸರಿಕಂಡದ್ದು ಮಾಡಬಹುದು. ಸಾಕ್ಷಿ ಯಾರು? ಅಡುಗೆಮನೆ ಸುಟ್ಟುಕೊಂಡ ಕಸ್ಮಿರಾಳೇ. ಅದು ನ್ಯಾಯವಾದದ್ದೇ ಎಂದುಕೊಂಡು ರುಮಿಯಾತಿ ಹೆಬ್ಬೆಟ್ಟು ಒತ್ತಿದಳು.

ಹೀಗೆ ಮುಸ್ಸಂಜೆಯ ನಮಾಜು ಮುಗಿಯುತ್ತಿದ್ದ ಹಾಗೆ ಎರಡು ಜಗಲಿಗಳ ನಡುವೆ ದಿನಾ ಒಂದು ನಾಟಕ. ಇವಳು ಗುಳಿಗೆ ಕೊಡುವುದು, ಅವನು ನುಂಗಿ ಬಾಯಿ ತೆರೆದು ತೋರಿಸುವುದು, ಕಸ್ಮಿರಾ ಆಚೆಯಿಂದ ತಲೆಯಾಡಿಸುವುದು. ಮೊದಮೊದಲು ಜುಮಾದಿ ಕೆಲವೊಮ್ಮೆ ಬೇಡ ಎನ್ನುತ್ತಿದ್ದ.

"ಬೇಡ ಅನ್ನೋದು ನೀನಲ್ಲ ಕಣೋ, ನಿನ್ನೊಳಗಿರೋ ರೋಗ. ನುಂಗು," ಎನ್ನುತ್ತಿದ್ದಳು ಅಕ್ಕ.

ಕ್ರಮೇಣ ಅವನು ಬೇಡ ಎನ್ನುವುದನ್ನೇ ಬಿಟ್ಟ.

ಮಳೆಗಾಲ ಹಿಡಿದ ಒಂದು ಸೋಮವಾರ ಜುಮಾದಿಗೆ ಜ್ವರ ಬಂತು, ಜೊತೆಗೆ ಎದೆ ಕಿತ್ತು ಬರುವಂಥ ಕೆಮ್ಮು. ಮೈಗೆ ಗಾಳಿ ಹೊಕ್ಕಿದೆ ಎಂದು ರುಮಿಯಾತಿ ಎಣ್ಣೆ ಹಚ್ಚಿ, ನಾಣ್ಯದ ಅಂಚಿನಿಂದ ಬೆನ್ನು ಕೆಂಪಾಗುವ ಹಾಗೆ ಉಜ್ಜಿದಳು. ಗಾಳಿ ಹೋಗಲಿಲ್ಲ. ಈ ಗುಳಿಗೆ ತಿನ್ನುವವನಿಗೆ ಜ್ವರ ಬಂದರೆ ಮೊದಲು ರಕ್ತ ನೋಡಿಸಬೇಕು ಎಂದು ವಿನಾರ್ನಿ ಹೇಳಿಟ್ಟಿದ್ದು ನೆನಪಿತ್ತು. ಮಂಗಳವಾರ ಬೆಳಿಗ್ಗೆಯೇ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ವಿನಾರ್ನಿ ಯಾವುದೋ ತರಬೇತಿಗೆಂದು ಹೋಗಿದ್ದಳು, ಶುಕ್ರವಾರ ಬರುತ್ತಾಳಂತೆ. ಅಲ್ಲಿದ್ದ ಹೊಸಬ ರಕ್ತ ನೋಡಿ, ಬಿಳಿ ಕಣ ಕಮ್ಮಿಯಾಗಿಲ್ಲ, ಹೆಚ್ಚೇ ಇದೆ, ಹೆದರಬೇಡಿ ಎಂದ. ಎದೆಯ ಸೋಂಕಿಗೆ ಔಷಧಿ ಕೊಟ್ಟ.

"ಸಂಜೆ ಗುಳಿಗೆ?" ಎಂದಳು ರುಮಿಯಾತಿ.

"ಅದನ್ನ ನಿಲ್ಲಿಸೋ ಹಾಗಿಲ್ಲ, ಯು. ಎಂದಿನ ಹಾಗೆ ಕೊಡಿ," ಎಂದ. ಯು ಎಂದರೆ ನಮ್ಮ ಕಡೆ ಅಕ್ಕ.

ಹೇಳಬೇಕೇ! ಅವಳಿಗೆ ಈ ಮಾತು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಬುಧವಾರ ಜ್ವರ ಇನ್ನೂ ಏರಿತು. ಸಿಗರೇಟಿನ ಡಬ್ಬಿ ಮೂರು ದಿನದಿಂದ ಹಾಗೇ ಬಿದ್ದಿತ್ತು, ಹೊಗೆ ಎಳೆದರೆ ಕೆಮ್ಮು ಕಿತ್ತು ಬರುತ್ತಿತ್ತು. ಹಾಳು ಚಟ ಬಿಟ್ಟರೆ ಬಿಡಲಿ ಎಂದು ರುಮಿಯಾತಿಗೆ ಒಳಗೊಳಗೇ ಖುಷಿ. ಆದರೆ ಮಧ್ಯಾಹ್ನ ಬಾವಿಯ ಕಡೆ ಹೊರಟವನು ಕುಡಿದವನ ಹಾಗೆ ವಾಲಾಡಿ ಗೋಡೆ ಹಿಡಿದು ನಿಂತ. ಜೊಲ್ಲು ಸುರಿದು ಅಂಗಿಯ ಎದೆ ತೊಯ್ದಿತ್ತು. ಸಂಜೆ ಅವಳು ಗುಳಿಗೆ ಚಾಚಿದಾಗ ಅವನು ಕೈ ಅಡ್ಡ ಹಿಡಿದ.

"ಯು, ಇವತ್ತು ಬೇಡ. ಜಾಸ್ತಿಯಾಗಿದೆ."

"ಎಲ್ಲಿ ಜಾಸ್ತಿ? ಎಣಿಸು. ಒಂದು, ಎರಡು, ಮೂರು. ಆರು ವರ್ಷದಿಂದ ಇಷ್ಟೇ."

"ಕೈಯಲ್ಲಿ ಅಲ್ಲ. ಒಳಗೆ ಜಾಸ್ತಿಯಾಗಿದೆ."

ಒಳಗೆ ಜಾಸ್ತಿಯಾಗಿದೆ ಎಂದರೆ ಏನು ಅರ್ಥ? ಮಾಡಿನ ಜನ ಮತ್ತೆ ಬಂದು ಕೂತರು ಎಂದೇ ಅವಳಿಗೆ ಅನ್ನಿಸಿತು. ಹಿಂದೆಯೂ ಹೀಗೇ ಏನೇನೋ ಅರ್ಥವಿಲ್ಲದ ಮಾತಿನಿಂದಲೇ ಶುರುವಾಗಿತ್ತು. ಗದರಿಸಿ, ಮುದ್ದು ಮಾಡಿ, ಅಂತೂ ನುಂಗಿಸಿದಳು.

ಗುರುವಾರ ಅವನು ಹಲ್ಲು ಕಚ್ಚಿ ಹಿಡಿದ. ಕಣ್ಣು ಅರ್ಧ ಮುಚ್ಚಿತ್ತು, ಕತ್ತು ನಿಲ್ಲುತ್ತಿರಲಿಲ್ಲ, ಆದರೂ ಬಾಯಿ ಮಾತ್ರ ಬಿಡ. ಎದುರು ಜಗಲಿಯಿಂದ ಕಸ್ಮಿರಾ ಸರೊಂಗಿನ ನೆರಿಗೆ ಎತ್ತಿಕೊಂಡು ಓಡಿ ಬಂದಳು.

"ಏನೇ ರುಮ್ ಇದು? ಹುಚ್ಚು ತಲೆ ಎತ್ತಿತಾ ಮತ್ತೆ?"

"ಇಲ್ಲ ಬು, ಜ್ವರಕ್ಕೆ ಹಟ ಮಾಡ್ತಿದ್ದಾನೆ."

"ಜ್ವರಕ್ಕೆ ಯಾರಾದ್ರೂ ಹಲ್ಲು ಕಚ್ತಾರೇನೇ? ನನಗೆ ಹೇಳಬೇಡ. ನನ್ನ ಅಡುಗೆಮನೆಗೆ ಹೋದ ವರ್ಷ ಹೊಸ ಹೆಂಚು ಹಾಕಿಸಿದ್ದೀನಿ. ಹಿಡ್ಕೋ ಅವನ ತಲೆ."

ಗಲಾಟೆ ಕೇಳಿ ಪಾಕ್ ಡರ್ಸೊನೊ ಕೂಡ ಬಂದು ಮೆಟ್ಟಿಲ ಕೆಳಗೆ ಕೈಕಟ್ಟಿ ನಿಂತ. ಅವನು ನಿಂತದ್ದೇ ಸಾಕಿತ್ತು. ಗುಳಿಗೆಯನ್ನು ಬೆಲ್ಲದ ನೀರಿನಲ್ಲಿ ಅರೆದರು. ಕಸ್ಮಿರಾ ಕೈ ಹಿಡಿದಳು, ಅಕ್ಕ ಮೂಗು ಹಿಡಿದಳು. ಉಸಿರಿಗೆಂದು ಬಾಯಿ ಬಿಟ್ಟಾಗ ಚಮಚ ಒಳಗೆ ಹೋಯಿತು. ನುಂಗಿದ ಮೇಲೆ ಅವನು ಅಕ್ಕನನ್ನೇ ನೋಡಿದ. ಸಿಟ್ಟಿನ ನೋಟವಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು, ಅದು ಬರೀ ದಣಿವಿನ ನೋಟ.

"ಆಯ್ತಲ್ಲ," ಎಂದು ಡರ್ಸೊನೊ ಹೊರಟು ಹೋದ. ರುಮಿಯಾತಿ ಗುಳಿಗೆ ಕೊಟ್ಟ ದಿನಗಳ ಲೆಕ್ಕಕ್ಕೆಂದು ಗೋಡೆಗೆ ಅಂಟಿಸಿದ್ದ ಚೀಟಿಯಲ್ಲಿ ಆ ದಿನದ ಗುರುತು ಹಾಕಿದಳು.

ಶುಕ್ರವಾರ ಬೆಳಿಗ್ಗೆ ಅವನು ಏಳಲಿಲ್ಲ. ಅಲುಗಿಸಿದರೆ ಗೊರಗೊರ ಸದ್ದು, ಜೊಲ್ಲು, ಒಂದು ಕೈ ತನ್ನಷ್ಟಕ್ಕೆ ತಾನೇ ಫಟಕ್ಕೆಂದು ಸೆಳೆಯುವುದು. ರುಮಿಯಾತಿ ರಸ್ತೆಗೆ ಓಡಿದಳು. ಎಲೆಕೋಸು ತುಂಬಿ ಪೇಟೆಗೆ ಇಳಿಯುತ್ತಿದ್ದ ಗಾಡಿಯನ್ನು ಅಡ್ಡಗಟ್ಟಿ, ಕೋಸಿನ ಮೂಟೆಗಳ ಮೇಲೆಯೇ ತಮ್ಮನನ್ನು ಮಲಗಿಸಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗಾಡಿ ಹತ್ತುವ ಅವಸರದಲ್ಲೂ ಅವಳು ಗುಳಿಗೆಯ ಡಬ್ಬಿಯನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಸಂಜೆಯಾದರೆ ಎಲ್ಲೇ ಇರಲಿ, ಕೊಡಬೇಕಲ್ಲ.

ಆರೋಗ್ಯ ಕೇಂದ್ರದ ಬಾಗಿಲಲ್ಲೇ ವಿನಾರ್ನಿ ಸಿಕ್ಕಳು, ಹೆಗಲ ಚೀಲ ಇನ್ನೂ ಇಳಿಸಿರಲಿಲ್ಲ. ಗಾಡಿಯ ಮೇಲೆಯೇ ಹತ್ತಿ ಅವನ ಕಣ್ಣು ಬಿಡಿಸಿ ನೋಡಿದಳು, ರಕ್ತದೊತ್ತಡ ಅಳೆದಳು, ಎಷ್ಟು ದಿನದ ಜ್ವರ, ಸಿಗರೇಟು ಸೇದುತ್ತಿದ್ದನಾ, ಗುಳಿಗೆ ಎಷ್ಟು ಹೋಗಿದೆ ಎಂದು ಮೂರೇ ಪ್ರಶ್ನೆ ಕೇಳಿದಳು. ಉತ್ತರ ಕೇಳಿದ್ದೇ ಗಾಡಿಯವನಿಗೆ, "ಇಳಿಸಬೇಡಿ ಪಾಕ್, ಸೀದಾ ಪೇಟೆ ಆಸ್ಪತ್ರೆಗೆ ಹೊಡೀರಿ," ಎಂದು ತಾನೂ ಕೋಸಿನ ಮೇಲೆ ಕೂತಳು.

ಆಸ್ಪತ್ರೆಯಲ್ಲಿ ಅವನ ಕೈಗೆ ಸೂಜಿ, ಮೂಗಿಗೆ ಆಮ್ಲಜನಕದ ಕೊಳವೆ. ಡಾಕ್ಟರು ವಿನಾರ್ನಿಯ ಜೊತೆ ಮಾತಾಡಿ, ಕ್ಲೋಜಪೀನ್ ನಿಲ್ಲಿಸಿ, ಇವತ್ತು ನಾಳೆ ಒಂದು ಚೂರೂ ಹೋಗಬಾರದು ಎಂದರು. ರುಮಿಯಾತಿ ವಿನಾರ್ನಿಯ ಕೈ ಹಿಡಿದುಕೊಂಡಳು.

"ಆಗಲ್ಲ ಬು ವಿನ್. ನಿಮ್ಮ ಕಾಲಿಗೆ ಬೀಳ್ತೀನಿ, ಒಂದಾದ್ರೂ ಕೊಡಿ. ಕರಾರಿದೆ. ತಪ್ಪಿದ್ರೆ ಇವನನ್ನ ಮತ್ತೆ ಕಟ್ತಾರೆ."

"ಕೊಟ್ರೆ ಕಟ್ಟೋಕೆ ಇವನೇ ಇರಲ್ಲ, ಯು."

"ಇಷ್ಟು ದಿನ ಕಾಪಾಡಿದ ಗುಳಿಗೆ ಈಗ ಹೇಗೆ ಕೊಲ್ಲುತ್ತೆ? ಅದೇ ಮೂರು! ನಾನೊಂದೂ ಹೆಚ್ಚು ಕೊಟ್ಟಿಲ್ಲ, ಅಲ್ಲಾಹನ ಮೇಲಾಣೆ!"

ವಿನಾರ್ನಿ ಅವಳನ್ನು ಹಿಡಿದು ಪಡಸಾಲೆಯ ಬೆಂಚಿನ ಮೇಲೆ ಕೂರಿಸಿದಳು. ಸ್ವಲ್ಪ ಹೊತ್ತು ಅಳುವುದಕ್ಕೆ ಬಿಟ್ಟು, ಆಮೇಲೆ ಸಂಬಂಧವೇ ಇಲ್ಲದ ಒಂದು ಪ್ರಶ್ನೆ ಕೇಳಿದಳು.

"ಪಕ್ಕದ ಮನೇಲಿ ಮದುವೆ ಬಂದ್ರೆ ನೀವೇನು ಮಾಡ್ತೀರ?"

"ರೆವಾಂಗಿಗೆ ಹೋಗ್ತೀನಿ. ಕೇರಿ ಹೆಂಗಸರೆಲ್ಲ ಹೋಗ್ತೀವಿ. ಮೂರು ದಿನ ಅಲ್ಲೇ ಅಡುಗೆ ಕೆಲಸ."

"ಆ ಮೂರು ದಿನ ನಿಮ್ಮ ಮನೆ ಪಾತ್ರೆ ಯಾರು ತೊಳೀತಾರೆ?"

"ಯಾರು ತೊಳೀತಾರೆ! ಬಚ್ಚಲಲ್ಲಿ ರಾಶಿ ಬಿದ್ದಿರುತ್ತೆ."

"ಜುಮ್‌ನ ಲಿವರೂ ರೆವಾಂಗಿಗೆ ಹೋಗಿದೆ, ಯು. ದಿನಾ ನೀವು ಕೊಡೋ ಗುಳಿಗೆನ ಒಡೆದು ಸಾಗಹಾಕೋದು ಅದರ ಮನೆಗೆಲಸ. ಎದೆಗೆ ಸೋಂಕು ತಗುಲಿ ಉರಿಯೂತ ಎದ್ದಾಗ, ಆ ಉರಿಯೂತವೇ ರಕ್ತದಲ್ಲಿ ಹೇಳಿಕಳಿಸುತ್ತೆ, ಬಿಡು ನಿನ್ನ ಕೆಲಸ, ಇಲ್ಲಿ ಬಾ ಅಂತ. ಲಿವರು ರೋಗದ ಜೊತೆ ಹೋರಾಡೋಕೆ ಬೇಕಾದ್ದನ್ನ ಮಾಡ್ತಾ ಕೂತ್ಕೊಳ್ಳುತ್ತೆ, ಔಷಧಿ ಒಡೆಯೋ ಕೆಲಸ ಬಿದ್ದುಹೋಗುತ್ತೆ. ಸೋಮವಾರದ ಮೂರು ಇನ್ನೂ ಒಳಗೇ ಇದೆ, ಮೇಲೆ ಮಂಗಳವಾರದ ಮೂರು, ಅದರ ಮೇಲೆ ಬುಧವಾರದ ಮೂರು, ನಿನ್ನೆಯ ಮೂರು. ಕೈಯಲ್ಲಿ ಎಣಿಸಿದ್ರೆ ಮೂರೇ. ರಕ್ತದಲ್ಲಿ ಅಲ್ಲ."

"ಸಿಗರೇಟು ಯಾಕೆ ಕೇಳಿದ್ರಿ?"

"ಈ ಔಷಧಿ ಹೊಗೆ ಸೇದೋರ ಮೈಯಲ್ಲಿ ಬೇಗ ಒಡೆಯುತ್ತೆ. ಅದೂ ನಿಂತುಹೋಯ್ತು. ಆದ್ರೆ ದೊಡ್ಡ ಪೆಟ್ಟು ಉರಿಯೂತದ್ದೇ."

ರುಮಿಯಾತಿ ತನ್ನ ಬಲಗೈಯ ಎರಡು ಬೆರಳು ನೋಡಿಕೊಂಡಳು. ಮೂಗು ಹಿಡಿದ ಬೆರಳು.

"ಅವನು ಹೇಳಿದ್ದ, ಬು. ಬುಧವಾರ ಹೇಳಿದ್ದ. ಒಳಗೆ ಜಾಸ್ತಿಯಾಗಿದೆ, ಬೇಡ ಅಂದ. ನಿನ್ನೆ ಹಲ್ಲು ಕಚ್ಚಿದ."

"ಸರಿಯಾಗೇ ಹೇಳಿದ್ದ," ಎಂದಳು ವಿನಾರ್ನಿ. "ತಪ್ಪು ನಿಮ್ಮೊಬ್ಬರದಲ್ಲ, ಯು. ತಪ್ಪಿಸಬೇಡಿ ಅಂತ ಆರು ವರ್ಷ ತಲೆಗೆ ತುಂಬಿದ್ದು ನಾನು. ಜ್ವರ ಬಂದ್ರೆ ರಕ್ತ ನೋಡಿಸಿ ಅಂದೆ, ಗುಳಿಗೆ ಕಮ್ಮಿ ಮಾಡಬೇಕಾಗಬಹುದು ಅನ್ನಲಿಲ್ಲ. ಹೇಳಬೇಕಾಗಿತ್ತು."

ಇಂಥ ಮಾತಿನಿಂದ ಸಮಾಧಾನ ಆಗುವವರು ಬೇರೆ ಇರಬಹುದು. ರುಮಿಯಾತಿ ಆ ಸಂಜೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಮಸೀದಿಯ ಕರೆ ಕೇಳಿ, ಮೊಟ್ಟಮೊದಲ ಬಾರಿಗೆ ಏನನ್ನೂ ಕೊಡದೆ ಕೂತಿದ್ದಳು. ಅವನು ಸತ್ತರೆ ಕೊಂದವಳು ತಾನು, ಬದುಕಿ ಮತ್ತೆ ಹುಚ್ಚು ಹಿಡಿದರೆ ಕಟ್ಟಿಸಿದವಳೂ ತಾನೇ. ಎರಡರಲ್ಲಿ ಯಾವುದಕ್ಕೆ ಪ್ರಾರ್ಥಿಸಬೇಕೆಂದೇ ಅವಳಿಗೆ ತಿಳಿಯಲಿಲ್ಲ.

ಭಾನುವಾರ ಮಧ್ಯಾಹ್ನ ಅವನು ಕಣ್ಣು ಬಿಟ್ಟು ನೀರು ಕೇಳಿದ. ಮುಂದಿನ ಬುಧವಾರ ಜ್ವರ ಇಳಿಯಿತು. ಗುಳಿಗೆಯನ್ನು ಚೂರುಚೂರಾಗಿ ಮತ್ತೆ ಶುರು ಮಾಡಿ ಒಂದೂವರೆಗೆ ತಂದು, ಹನ್ನೊಂದನೆಯ ದಿನ ಮನೆಗೆ ಕಳಿಸಿದರು. ಉರಿಯೂತ ಇಳಿದ ಮೇಲೆ ಲಿವರು ತನ್ನ ಕೆಲಸಕ್ಕೆ ಮರಳುತ್ತದೆ, ಆಗ ಒಂದೂವರೆ ಸಾಲದೆ ಹೋಗಬಹುದು. ಮೂರು ದಿನಕ್ಕೊಮ್ಮೆ ಅರ್ಧರ್ಧ ಏರಿಸಿ ನೋಡೋಣ, ಏನಾದರೂ ಬದಲಾದರೆ ತಕ್ಷಣ ಹೇಳಿಕಳಿಸಿ ಎಂದಳು ವಿನಾರ್ನಿ.

ಕೇರಿಗೆ ಸುದ್ದಿ ಆಗಲೇ ಮುಟ್ಟಿತ್ತು. ಆಸ್ಪತ್ರೆಯಲ್ಲಿ ಗುಳಿಗೆ ನಿಲ್ಲಿಸಿದ್ದರಂತೆ, ಈಗ ಅರ್ಧ ಕೊಡುತ್ತಾಳಂತೆ ಎಂದು ಅಂಗಡಿ ಮುಂದೆ ಬೇರೆ ಮಾತೇ ಇರಲಿಲ್ಲ. ಕಸ್ಮಿರಾ ಬೆಂಕಿಪೆಟ್ಟಿಗೆಯನ್ನು ಅವನ ಕೈಗೆ ಸಿಗದ ಹಾಗೆ ಸರೊಂಗಿನ ತುದಿಗೆ ಕಟ್ಟಿಕೊಂಡು ಓಡಾಡುತ್ತಿದ್ದಳು. ನಗುವ ಮಾತಲ್ಲ, ಒಮ್ಮೆ ಮನೆ ಸುಟ್ಟುಕೊಂಡವಳು.

ನಾಲ್ಕನೆಯ ಸಂಜೆ, ಏರಿಸಬೇಕಾದ ದಿನ, ಡರ್ಸೊನೊ ಕರಾರಿನ ಕಾಗದ ಹಿಡಿದು ಜಗಲಿಗೇ ಬಂದ. ಹಿಂದೆ ಕಸ್ಮಿರಾ.

"ನೋಡು ರುಮ್, ನನಗೂ ಇಷ್ಟ ಇಲ್ಲ. ಆದ್ರೆ ಇಲ್ಲಿ ಮೂರು ಅಂತ ಇದೆ."

"ನರ್ಸು ಹೇಳಿದ ಹಾಗೆ ಏರಿಸ್ತಿದ್ದೀನಿ, ಪಾಕ್. ಇವತ್ತು ಎರಡು."

ಅವಳು ಅಂಗೈ ಚಾಚಿದಳು. ಜುಮಾದಿ ಎರಡೂ ಗುಳಿಗೆಯನ್ನು ನೋಡಿದ, ಮುಖ್ಯಸ್ಥನನ್ನು ನೋಡಿದ, ಮತ್ತೆ ಅಕ್ಕನನ್ನು ನೋಡಿದ.

"ನಿನ್ನೆಯಷ್ಟೇ ಸಾಕು, ಯು."

"ಕೇಳಿದ್ರಾ!" ಎಂದು ಕಸ್ಮಿರಾ ಕಿರುಚಿದಳು. "ಶುರುವಾಯ್ತು ನೋಡಿ! ಹಿಡ್ಕೋ ರುಮ್!"

ರುಮಿಯಾತಿಯ ಕೈ ತಾನಾಗಿಯೇ ಅವನ ಮುಖದ ಕಡೆ ಎದ್ದಿತು. ಆರು ವರ್ಷ ನುಂಗಿಸಿದ ಅಭ್ಯಾಸ ಅದು. ಅವನು ತಲೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕಣ್ಣು ಮುಚ್ಚಿ ಸುಮ್ಮನೆ ಕಾದ. ಅದನ್ನು ನೋಡಿ ಅವಳು ಕೈ ಕೆಳಗಿಳಿಸಿದಳು.

"ಪಾಕ್," ಎಂದಳು, "ಯಾಕೆ ಬೇಡ ಅಂತ ಅವನನ್ನೇ ಕೇಳಿ."

"ಅವನನ್ನಾ?"

"ಅವನನ್ನೇ. ಕೂತ್ಕೊಂಡು ಕೇಳಿ."

ಡರ್ಸೊನೊ ಚಾಪೆಯ ಮೇಲೆ ಕೂತ. ಈ ಮನುಷ್ಯನ ಬಗ್ಗೆ ಹತ್ತು ವರ್ಷದಲ್ಲಿ ಅವನು ಸಾವಿರ ಮಾತು ಆಡಿದ್ದ, ಈ ಮನುಷ್ಯನ ಜೊತೆ ಆಡಿರಲಿಲ್ಲ. ಹೇಗೆ ಶುರುಮಾಡುವುದೆಂದು ತಿಳಿಯದೆ ಕಾಗದವನ್ನು ಮಡಿಸಿದ, ಬಿಡಿಸಿದ, ಗಂಟಲು ಸರಿಮಾಡಿಕೊಂಡ.

"ಏನು... ಏನಪ್ಪಾ ಜುಮ್, ಯಾಕೆ?"

ಜುಮಾದಿ ಯೋಚಿಸಿ ಯೋಚಿಸಿ ಹೇಳಿದ. "ಬಾವಿಗೆ ಹೋಗುವಾಗ ನೆಲ ವಾಲುತ್ತೆ, ಪಾಕ್. ಮೊನ್ನೆ ಜಾಸ್ತಿ ವಾಲ್ತಿತ್ತು, ಇವತ್ತು ಕಮ್ಮಿ. ಇನ್ನೂ ಪೂರ್ತಿ ನಿಂತಿಲ್ಲ. ವಾಲುತ್ತೆ ಅಂದ್ರೆ ಔಷಧಿ ಒಳಗೆ ಇನ್ನೂ ಹೆಚ್ಚಿದೆ ಅಂತ. ಕಮ್ಮಿ ಆದ್ರೆ ನೆಲ ವಾಲಲ್ಲ, ಮಾಡಿನವರು ಮಾತಾಡ್ತಾರೆ. ಅವರಿನ್ನೂ ಬಂದಿಲ್ಲ."

"ಬಂದ್ರೆ?" ಎಂದಳು ಕಸ್ಮಿರಾ, ಮೆಟ್ಟಿಲ ಮೇಲಿಂದಲೇ. ದನಿ ತಗ್ಗಿತ್ತು.

"ಬಂದ್ರೆ ಮೊದಲು ಗೊತ್ತಾಗೋದು ನನಗಲ್ವಾ, ಬು ಕಸ್? ಒಬ್ಬ ಕೆಮ್ಮಿದ್ರೂ ಸಾಕು, ಓಡಿ ಬಂದು ಮೂರೂ ನಾನೇ ಕೇಳಿ ನುಂಗ್ತೀನಿ." ಅವನು ಅವಳ ಹೊಸ ಹೆಂಚಿನ ಕಡೆ ಒಮ್ಮೆ ನೋಡಿದ. "ಅವರು ನಿಮ್ಮ ಮನೆ ಸುಡು ಅಂತ ಮೂರು ದಿನ ಮೂರು ರಾತ್ರಿ ಕಿರುಚಿದ್ರು. ನಾನು ಕಿವಿಗೆ ಬಟ್ಟೆ ತುರುಕಿಕೊಂಡು ಅಳ್ತಾ ಕೂತಿದ್ದೆ. ನಿಮಗೆಲ್ಲ ಅವರ ಭಯ ಇದೆ, ನಿಜ. ನಿಮಗೆ ಅವರು ಕೇಳಿಸೋದೂ ಇಲ್ಲ. ನನಗೆ ಕೇಳಿಸುತ್ತೆ, ಪಾಕ್."

ಡರ್ಸೊನೊ ಕಾಗದ ಜೇಬಿಗೆ ಹಾಕಿ, ಬೆಳಿಗ್ಗೆ ನರ್ಸಿನ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ, ಅಲ್ಲಿಯವರೆಗೆ ಒಂದೂವರೆಯೇ ಇರಲಿ ಎಂದ. ರುಮಿಯಾತಿ ಗುಳಿಗೆ ಮುರಿಯಲು ಕೂತಳು. ಆ ಮಾಡಿನ ಜನರನ್ನು ದೂರ ಇಡುವುದಕ್ಕೆಂದು ತಾನೊಬ್ಬಳೇ ಆರು ವರ್ಷ ಹೆಣಗಿದೆ ಎಂದು ಅವಳು ಅಂದುಕೊಂಡಿದ್ದಳು. ಅವರನ್ನು ಕಂಡರೆ ತನಗಿಂತ ಹೆಚ್ಚು ಹೆದರುವವನು ಪಕ್ಕದಲ್ಲೇ ಬುಟ್ಟಿಯಲ್ಲಿ ಕಾಳು ತುಳಿಯುತ್ತಾ ನಿಂತಿದ್ದಾನೆ ಎಂಬುದು ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ.